ಅಕ್ಕನ ಎಡಗಿವಿಯ ಹುಳಹಾವು

ನಮ್ಮ ನರ್ಸರಿಗೆ ಬರುವವರಲ್ಲಿ ಎರಡು ಜಾತಿ. ಕುಂಡದ ಮಣ್ಣಿನಿಂದ ಹುಳಹಾವು ಹೊರಬಿದ್ದರೆ ಕಿಟಾರನೆ ಕಿರುಚಿ ಕುಂಡವನ್ನೇ ಕೈಬಿಡುವವರು ಒಂದು ಜಾತಿ. ಅದನ್ನು ಎರೆಹುಳು ಎಂದುಕೊಂಡು "ಒಳ್ಳೇ ಮಣ್ಣು ಕಣ್ರೀ ನಿಮ್ದು" ಎಂದು ಮೆಚ್ಚಿ, ಇನ್ನೆರಡು ಕುಂಡ ಹೆಚ್ಚಿಗೆ ಒಯ್ಯುವವರು ಇನ್ನೊಂದು ಜಾತಿ. ಎರಡನೆಯವರನ್ನು ನಾನು ತಿದ್ದಲು ಹೋಗುವುದಿಲ್ಲ. ಸಿಟ್ಟು ಬರುವುದು ಮೊದಲನೆಯವರ ಮೇಲೆ. ಒಂದು ಗೇಣು ಕೂಡ ಇಲ್ಲದ, ಬಾಯಿ ತೆರೆದರೆ ಸಾಸಿವೆ ಕಾಳೂ ಹಿಡಿಸದ ಪ್ರಾಣಿಗೆ ಆರಡಿ ಮನುಷ್ಯ ಹೆದರಿ ನನ್ನ ದಾಸವಾಳದ ಗಿಡವನ್ನು ಎತ್ತಿಹಾಕಿದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ?

ಹೊಸಕೋಟೆಯಿಂದ ಸಮೇತನಹಳ್ಳಿಯ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮದೊಂದು ಸಣ್ಣ ನರ್ಸರಿ. ಮುಂದೆ ಬಣ್ಣದ ಗಿಡಗಳು, ಹಿಂದೆ ನೆರಳುಬಲೆಯ ಕೆಳಗೆ ಮಲ್ಲಿಗೆ, ಕರಿಬೇವು, ನಿಂಬೆ ಸಸಿಗಳು, ಅದಕ್ಕೂ ಹಿಂದೆ ಮಣ್ಣಿನ ರಾಶಿ. ಇಪ್ಪತ್ತೈದು ವರ್ಷದಿಂದ ನಾನು ದಿನವೂ ಈ ಮಣ್ಣಿಗೆ ಕೈ ಹಾಕುತ್ತಿದ್ದೇನೆ. ಆ ರಾಶಿಯ ತಂಪಿನಲ್ಲಿ ಹುಳಹಾವುಗಳು ನೆಮ್ಮದಿಯಾಗಿವೆ. ನೀರು ಹಾಯಿಸಿದ ಮೇಲೆ ಒಂದೊಂದಾಗಿ ಮೇಲೆ ಬಂದು, ಬಿಸಿಲು ತಗುಲಿದ ಕೂಡಲೆ ಗಾಬರಿಯಾಗಿ ಮತ್ತೆ ತಲೆ ತೂರಿಸುತ್ತವೆ. ಅವುಗಳನ್ನು ನೋಡುತ್ತಾ ನಿಂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನನ್ನ ಹೆಂಡತಿಗೆ ಇದು ಸೋಮಾರಿತನದಂತೆ ಕಾಣುತ್ತದೆ; ಸ್ವಲ್ಪ ಮಟ್ಟಿಗೆ ಹೌದು ಕೂಡ.

ಎರೆಹುಳುವಿಗೂ ಇದಕ್ಕೂ ವ್ಯತ್ಯಾಸ ತಿಳಿಯಲು ಕಷ್ಟವೇನಿಲ್ಲ. ಎರೆಹುಳುವಿನ ಮೈಯಲ್ಲಿ ಉಂಗುರ ಉಂಗುರ ಗೆರೆ, ಮುಟ್ಟಿದರೆ ಲೋಳೆ. ಇದರ ಮೈ ಒಣಗಿದ್ದು, ನುಣ್ಣಗೆ, ಎಣ್ಣೆ ಸವರಿದ ಹಾಗೆ ಕರಿ ಹೊಳಪು. ಅಂಗೈಯಲ್ಲಿ ಹಿಡಿದು ಸುಮ್ಮನಿದ್ದರೆ ದಾರದ ಎಳೆಯಂಥ ನಾಲಿಗೆಯನ್ನು ಚಾಚಿ ಚಾಚಿ ನಮ್ಮನ್ನು ವಿಚಾರಿಸಿಕೊಳ್ಳುತ್ತದೆ. ಕಣ್ಣು ಎಂದರೆ ಹುರುಪೆಯ ಕೆಳಗಿನ ಎರಡು ಚುಕ್ಕೆ. ಬೆಳಕು ಯಾವ ಕಡೆ, ಕತ್ತಲೆ ಯಾವ ಕಡೆ ಅಂತ ಗೊತ್ತಾದರೆ ಅದಕ್ಕೆ ಸಾಕು. ಬೆರಳ ಸಂದಿಯಲ್ಲಿ ಹಿಡಿದರೆ ಬಾಲದ ತುದಿಯ ಸಣ್ಣ ಮುಳ್ಳಿನಿಂದ ಚುಚ್ಚುತ್ತದೆ. ಚುಚ್ಚಿದ್ದು ನಮಗೆ ಗೊತ್ತೂ ಆಗುವುದಿಲ್ಲ, ಅದಕ್ಕೆ ಮಾತ್ರ ತಾನು ಏನೋ ಮಾಡಿದೆ ಎಂಬ ಸಮಾಧಾನ. ಪೊರೆ ಬಿಡುವ ಮುಂಚೆ ಕರಿ ಬಣ್ಣ ಹೋಗಿ ಹಾಲು ಬೆರೆಸಿದ ನೀಲಿಯಾಗುತ್ತದೆ. ಮೊದಲ ಸಲ ಅದನ್ನು ಕಂಡಾಗ ನಾನು ಬೇರೆಯೇ ಹಾವು ಸಿಕ್ಕಿತೆಂದು ಕುಣಿದಾಡಿದ್ದೆ.

ಇದರ ಒಳಗುಟ್ಟನ್ನೆಲ್ಲ ನನಗೆ ಹೇಳಿಕೊಟ್ಟವರು ನಮ್ಮ ಗಿರಾಕಿಯೊಬ್ಬರು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿ ನಿವೃತ್ತರಾದ ಮೇಷ್ಟರು. ಒಂದು ದಿನ ತುಳಸಿ ಗಿಡಕ್ಕೆ ಬಂದವರು ಮಣ್ಣಿನ ರಾಶಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಎದ್ದೇಳಲೇ ಇಲ್ಲ. ಇದರ ಊಟ ಇರುವೆಯ ಮೊಟ್ಟೆ, ಗೆದ್ದಲಿನ ಮರಿ. ಇದು ಕುಂಡದ ಮಣ್ಣಿನಲ್ಲಿ ಕೂತು ಹಡಗು ಹತ್ತಿ ಲೋಕದ ಎಷ್ಟೋ ದೇಶ ಸೇರಿಬಿಟ್ಟಿದೆ. ಎಲ್ಲಕ್ಕಿಂತ ದೊಡ್ಡ ವಿಷಯವೆಂದರೆ, ಇದರಲ್ಲಿ ಗಂಡು ಅನ್ನುವುದೇ ಇಲ್ಲ. ಸಿಕ್ಕಿದ್ದೆಲ್ಲ ಹೆಣ್ಣು. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ಮೊಟ್ಟೆ ಒಂದಿಷ್ಟನ್ನು ತಾನೇ ತಾನಾಗಿ ಇಡುತ್ತದೆ, ಮರಿಯೆಲ್ಲ ಮತ್ತೆ ಹೆಣ್ಣೇ. ಒಂದೇ ಒಂದು ಹಾವು ಯಾವುದೋ ಊರಿಗೆ ಹೋಗಿ ಬಿದ್ದರೂ ವಂಶ ನಿಲ್ಲುವುದಿಲ್ಲ. ಮೇಷ್ಟರು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ನನಗೆ ಆ ಹಾವಿನ ಮೇಲೆ ಪ್ರೀತಿ ಹುಟ್ಟಿಬಿಟ್ಟಿತ್ತು. ಅವತ್ತಿನಿಂದ ಬಂದಬಂದವರ ಮುಂದೆ ಇದೇ ಪುರಾಣ ಬಿಚ್ಚುತ್ತೇನೆ.

ಈ ಪುರಾಣವನ್ನು ಕೇಳಲು ಒಲ್ಲದ ಒಬ್ಬಳೇ ಒಬ್ಬಳು ನಮ್ಮ ಅಕ್ಕ.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ನರ್ಸರಿಯಲ್ಲಿ ಮಣ್ಣು ಕಲಸುವ ಕೆಲಸ ಅವಳದು, ಬೇರೆಯವರನ್ನು ಹತ್ತಿರಕ್ಕೆ ಬಿಡುವುದಿಲ್ಲ. ಎರಡು ಮಂಕರಿ ಕೆಮ್ಮಣ್ಣು, ಒಂದು ಮಂಕರಿ ಹಳೇ ತಿಪ್ಪೆಗೊಬ್ಬರ, ಒಂದು ಮಂಕರಿ ಮರಳು, ಎರಡು ಹಿಡಿ ಬೇವಿನ ಹಿಂಡಿ. ಮಣೆ ಹಾಕಿಕೊಂಡು ಕೂತು, ಹೆಂಟೆಗಳನ್ನು ಬೆರಳಲ್ಲೇ ಪುಡಿಮಾಡಿ ಕಲಸುತ್ತಾಳೆ. ಹಾಗೆ ಕಲಸುವಾಗ ಟವಲನ್ನು ಎರಡೂ ಕಿವಿ ಮುಚ್ಚುವಂತೆ ಸುತ್ತಿ ಗದ್ದದ ಕೆಳಗೆ ಬಿಗಿಯಾಗಿ ಗಂಟು ಹಾಕಿರುತ್ತಾಳೆ. ಬೇಸಿಗೆಯ ಉರಿಯಲ್ಲೂ ಬಿಚ್ಚುವುದಿಲ್ಲ. ಗಿರಾಕಿಗಳು "ಅಮ್ಮಾ, ಹಲ್ಲುನೋವಾ?" ಎಂದು ಕೇಳುತ್ತಾರೆ. ಅವಳಿಗೆ ಕೇಳಿಸುವುದಿಲ್ಲ, ನಗುತ್ತಾಳೆ.

ಕೈಗೆ ಹುಳಹಾವು ಸಿಕ್ಕರೆ ಅವಳು ಹೆದರುವುದೂ ಇಲ್ಲ, ಕೊಲ್ಲುವುದೂ ಇಲ್ಲ. ಹಿಡಿಮಣ್ಣಿನ ಸಮೇತ ಎತ್ತಿ ದೂರ ಇಡುತ್ತಾಳೆ. "ಹೋಗವ್ವಾ, ಒಂದಕ್ಕೇ ಜಾಗ ಕೊಟ್ಟು ಸಾಕಾಗೈತೆ" ಎನ್ನುತ್ತಾಳೆ. ಊರಿನವರೆಲ್ಲ ಅದನ್ನು ಹುಳಹಾವು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಅದರ ಹೆಸರು ಕಿವಿಹಾವು. ಏಕೆಂದರೆ ಅಕ್ಕನ ಎಡಗಿವಿಯೊಳಗೆ ಅರವತ್ತು ವರ್ಷದಿಂದ ಅಂಥದ್ದೊಂದು ವಾಸವಾಗಿದೆ ಎಂದು ಅಕ್ಕ ನಂಬಿದ್ದಳು. ಅವಳಿಗಿಂತ ಮುಂಚೆ ಅವ್ವ ನಂಬಿದ್ದಳು. ಚಿಕ್ಕಂದಿನಲ್ಲಿ ನಾನೂ ನಂಬಿದ್ದೆ, ಸುಳ್ಳೇಕೆ ಹೇಳಲಿ. ಅಕ್ಕ ಮಲಗಿರುವಾಗ ಅವಳ ಕಿವಿಯ ಬಳಿ ಅನ್ನದ ಅಗುಳು ಇಟ್ಟು, ಹೊರಗೆ ಬರುತ್ತದೇನೋ ಎಂದು ಕಾದು ಕೂತು ಏಟು ತಿಂದಿದ್ದೇನೆ.

ಅಕ್ಕನಿಗೆ ನಾಲ್ಕು ವರ್ಷವಿದ್ದಾಗ ಅವ್ವ ಅವಳನ್ನು ರಾಗಿ ಹೊಲದ ಬದುವಿನಲ್ಲಿ, ಹೊಂಗೆ ಮರದ ನೆರಳಿಗೆ ಗೋಣಿತಾಟಿನ ಮೇಲೆ ಮಲಗಿಸಿ ಕಳೆ ಕೀಳಲು ಹೋಗಿದ್ದಳಂತೆ. ಹಿಂದಿನ ದಿನ ಮಳೆ ಬಂದಿತ್ತು. ಮಗು ಅತ್ತ ಸದ್ದಿಗೆ ಓಡಿ ಬಂದು ನೋಡಿದರೆ, ತಲೆಯ ಕೆಳಗಿನ ಬಟ್ಟೆಯ ಮೇಲೆ ಕರಿಯ ಹುಳಹಾವೊಂದು ಹರಿದಾಡುತ್ತಿತ್ತು. ಅವ್ವ ಅದನ್ನು ಕೊಡವಿ ಎಸೆದಳು. ಆದರೆ ಮಗು ಎಡಗಿವಿ ಹಿಡಿದುಕೊಂಡು ಅಳು ನಿಲ್ಲಿಸಲಿಲ್ಲ. ಎರಡು ದಿನಕ್ಕೆ ಕಿವಿ ಸೋರಲು ಶುರುವಾಯಿತು. ಸೋರುವುದು ತಾನಾಗಿ ನಿಂತಿತು, ಆದರೆ ವರ್ಷ ಕಳೆಯುವಷ್ಟರಲ್ಲಿ ಆ ಕಿವಿ ಕೇಳಿಸುವುದೂ ನಿಂತಿತು. ಒಂದನ್ನು ಎಸೆದೆ, ಇನ್ನೊಂದು ಒಳಗೆ ಹೋಗಿತ್ತು ಎಂದು ಅವ್ವ ತೀರ್ಮಾನ ಮಾಡಿದಳು. ಅದರ ಮೇಲೆ ಅಪೀಲು ಇರಲಿಲ್ಲ.

ಆ ಮೇಲೆ ಅವ್ವ ಯಾವ ಮಗುವನ್ನೂ ನೆಲದಲ್ಲಿ ಮಲಗಲು ಬಿಡಲಿಲ್ಲ. ನಾನು ಹುಟ್ಟಿದಾಗ, ಅವ್ವ ಹೊಲಕ್ಕೆ ಹೋದರೆ ನನ್ನನ್ನು ಎತ್ತಿಕೊಂಡಿರುವ ಕೆಲಸ ಅಕ್ಕನಿಗೆ ಬಿತ್ತು. ಹತ್ತು ವರ್ಷದ ಹುಡುಗಿ, ನಾನು ಗುಂಡುಕಲ್ಲಿನಂತಿದ್ದೆನಂತೆ. ನಾಲ್ಕು ವರ್ಷ ಅವಳ ಸೊಂಟದ ಮೇಲೆಯೇ ಬೆಳೆದೆ. ಮುಂದೆ ಅಕ್ಕನಿಗೆ ಎರಡು ಸಂಬಂಧ ಬಂದು, ಕಿವಿಯ ಸುದ್ದಿ ಕೇಳಿ ಹಿಂದಿರುಗಿದವು. ಮೂರನೆಯದನ್ನು ಅಕ್ಕನೇ ಒಲ್ಲೆ ಅಂದಳು. ಅವ್ವ ಪ್ರತಿ ಸಲವೂ "ನನ್ನಿಂದಾಯ್ತು, ಎಲ್ಲಾ ನನ್ನಿಂದಾಯ್ತು" ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಹದಿನೈದು ವರ್ಷದ ಹಿಂದೆ ಸಾಯುವಾಗಲೂ ಅಕ್ಕನ ಎಡಗಿವಿಯನ್ನು ಸವರಿ ಇದೇ ಮಾತು ಹೇಳಿದಳು. ಅವ್ವನ ಮೇಲೆ ನನಗೆ ಅಂದು ಬಂದಷ್ಟು ಕನಿಕರ ಎಂದೂ ಬಂದಿರಲಿಲ್ಲ.

ಮೇಷ್ಟರಿಂದ ಪಾಠವಾದ ಮೇಲೆ ನನಗೆ ಈ ಹಾವಿನ ಕತೆ ಸಾಧ್ಯವೇ ಇಲ್ಲವೆಂದು ತಿಳಿಯಿತು. ಮಣ್ಣಿನ ತೇವವಿಲ್ಲದೆ ಅದು ಒಂದು ದಿನ ಬದುಕಿದರೆ ಹೆಚ್ಚು. ಕಿವಿಯಲ್ಲಿ ಇರುವೆಯ ಮೊಟ್ಟೆ ಯಾರು ತಂದುಕೊಡುತ್ತಾರೆ? ಅವ್ವ ಆಗಿನ್ನೂ ಬದುಕಿದ್ದಳು. ಆದರೂ ನಾನು ಸುಮ್ಮನಿದ್ದೆ. ಎಡಗಿವಿ ಹೋದದ್ದು ಹೋಯಿತು, ಬಲಗಿವಿ ಚೆನ್ನಾಗಿದೆ, ಹಾವು ಅದರ ಪಾಡಿಗಿರಲಿ ಎಂದುಕೊಂಡೆ.

ಎರಡು ವರ್ಷದಿಂದ ಆ ಬಲಗಿವಿಯೂ ಮಂದವಾಗತೊಡಗಿತು. ಮೊದಮೊದಲು ನಮಗೆ ನಗುವೇ ಆಗಿತ್ತು. ಕಾಫಿ ಬೇಕಾ ಎಂದರೆ ಹೌದು ಬಿಸಿಲು ಜಾಸ್ತಿ ಎನ್ನುವಳು. ಎಲ್ಲರೂ ಕೂಗಿ ಮಾತಾಡುವುದು ಅಭ್ಯಾಸವಾಯಿತು. ಅಕ್ಕ ಮೊದಲಿನಿಂದಲೂ ಕೂಗಿಯೇ ಮಾತಾಡುವವಳು, ನರ್ಸರಿಯಲ್ಲಿ ದಿನವೂ ಜಗಳವೇ ನಡೆಯುತ್ತಿದೆ ಎಂದು ರಸ್ತೆಯವರು ತಿಳಿಯಬೇಕು. ನಗು ನಿಂತದ್ದು ಹೋದ ಮಾಘದಲ್ಲಿ. ಕೆಮ್ಮಣ್ಣು ತಂದ ಟಿಪ್ಪರು ಹಿಂದಕ್ಕೆ ಬರುತ್ತಿತ್ತು, ಕೀಂ ಕೀಂ ಎಂದು ಅದರ ಸದ್ದು ಬೇರೆ. ಅಕ್ಕ ಅದಕ್ಕೆ ಬೆನ್ನು ಹಾಕಿ, ಟವಲು ಕಟ್ಟಿಕೊಂಡು ಮಣ್ಣು ಕಲಸುತ್ತಿದ್ದಳು. ನಾನು ಗೇಟಿನಿಂದ ಕೂಗಿದೆ. ಓಡಿದೆ. ಓಡುತ್ತಾ ಗುಲಾಬಿಯ ಸಾಲನ್ನೇ ತುಳಿದೆ. ಡ್ರೈವರ್ ನನ್ನ ಕೂಗು ಕೇಳಿ ನಿಲ್ಲಿಸಿದಾಗ ಚಕ್ರಕ್ಕೂ ಅವಳ ಮಣೆಗೂ ಒಂದು ಮೊಳ ಅಂತರವಿತ್ತು. ತನ್ನ ಮೇಲೆ ನೆರಳು ಬಿದ್ದದ್ದು ಕಂಡು ಅವಳು ನಿಧಾನವಾಗಿ ತಿರುಗಿ ನೋಡಿದಳು. ಡ್ರೈವರ್ ಕೆಳಗಿಳಿದವನು ಟೈರಿಗೆ ಒರಗಿ ಕೂತುಬಿಟ್ಟ.

ಅವತ್ತೇ ಸಂಜೆ ನಾನು ಹೇಳಿದೆ, ಹೊಸಕೋಟೆಯಲ್ಲಿ ಕಿವಿ ಡಾಕ್ಟರ ಹತ್ತಿರ ಹೋಗೋಣ.

"ಬಲಗಿವಿ ಬೇಕಾದ್ರೆ ನೋಡ್ಲಿ, ಎಡಗಿವಿ ಮುಟ್ಟಂಗಿಲ್ಲ" ಎಂದಳು.

"ಡಾಕ್ಟ್ರು ಅಂದ್ಮೇಲೆ ಎರಡೂ ನೋಡ್ತಾರೆ ಕಣಕ್ಕ."

"ಹಂಗಾದ್ರೆ ಬೇಡ. ಮಲಗಿರೋದನ್ನ ಯಾಕ್ ಕೆಣಕ್ಬೇಕು? ಬೆಳಕು ಬಿಟ್ರೆ ಅದು ಆಚೆಗ್ ಬರಲ್ಲ, ಒಳಗ್ ಹೋಗುತ್ತೆ. ಮಿದುಳಿಗ್ ಹೋದ್ರೆ ನೀನ್ ತೆಗೀತೀಯಾ?"

ನನಗೆ ತಾಳ್ಮೆ ಕಡಿಮೆ. ಮರುದಿನ ಗಾಜಿನ ಬಾಟಲಿಯಲ್ಲಿ ಜೀವಂತ ಹುಳಹಾವೊಂದನ್ನು ಹಿಡಿದು ತಂದು ಅವಳ ಮುಂದಿಟ್ಟೆ. ಇದರ ಊಟ ಇದು, ಇದರ ಮನೆ ಇದು, ಇದು ಕುರುಡು, ಇದಕ್ಕೆ ಗಂಡು ಬೇಡ, ಇದೇ ಮೊಟ್ಟೆ ಇಡುತ್ತದೆ ಎಂದು ಮೇಷ್ಟರ ಪಾಠವನ್ನೆಲ್ಲ ಕೂಗಿ ಕೂಗಿ ಒಪ್ಪಿಸಿದೆ. ಗಂಟಲು ಕಟ್ಟಿಹೋಯಿತು. ಗಂಡು ಬೇಡ ಎಂದಾಗ ಮಾತ್ರ ಅಕ್ಕ ನಕ್ಕಳು. "ನನ್ ಥರಾನೇ ಅನ್ನು" ಎಂದಳು. ಬಾಟಲಿಯನ್ನು ಬೆಳಕಿಗೆ ಹಿಡಿದು, ಅದು ನಾಲಿಗೆ ಚಾಚುವುದನ್ನು ಬಹಳ ಹೊತ್ತು ನೋಡಿದಳು.

"ನಿನ್ ಹಾವು ಹಂಗಿರ್ಬೋದು. ನಂದು ಬೇರೆ" ಎಂದು ಎದ್ದು ಹೋದಳು.

ನನಗೆ ಎಷ್ಟು ರೇಗಿತೆಂದರೆ ಎರಡು ದಿನ ಅವಳೊಡನೆ ಮಾತು ಬಿಟ್ಟೆ. ಮಾತು ಬಿಟ್ಟದ್ದು ಅವಳಿಗೆ ಗೊತ್ತೇ ಆಗಲಿಲ್ಲ, ಹೇಗೂ ಕೇಳಿಸುತ್ತಿರಲಿಲ್ಲವಲ್ಲ. ಒಳಗೊಳಗೇ ನನಗೆ ಭಯವಿತ್ತು. ಬಲಗಿವಿಯೂ ಪೂರ್ತಿ ಹೋದರೆ ಅಕ್ಕ ನಮ್ಮ ಮಧ್ಯೆಯೇ ಒಬ್ಬಳೇ ಆಗಿಬಿಡುತ್ತಾಳೆ. ಈ ಮನೆಯಲ್ಲಿ ನನ್ನ ಸಿಟ್ಟಿಗೆ ಎದುರು ಕೂತು ನಗುವ ಒಂದೇ ಜೀವ ಅವಳು.

ಮೂರನೆಯ ದಿನ ಬೆಳಿಗ್ಗೆ ನಾನು ಪೈಪು ಹಿಡಿದು ಮಲ್ಲಿಗೆಗೆ ನೀರು ಬಿಡುತ್ತಿದ್ದಾಗ ಅಕ್ಕ ಬಂದು ಎದುರಿಗೆ ನಿಂತಳು. ಮುಖ ಬಾಡಿತ್ತು.

"ಲೇ, ಗಂಡು ಬೇಡ ಅಂದ್ಯಲ್ಲ ಅದಕ್ಕೆ, ನಿಜವಾ?"

"ನಿಜ ಕಣಕ್ಕ."

"ಒಂದೇ ಇದ್ರೂ ಮೊಟ್ಟೆ ಇಡುತ್ತಾ?"

"ಇಡುತ್ತೆ."

ಅವಳು ಬಲಗಿವಿಯನ್ನು ಕೈಯಿಂದ ಮುಚ್ಚಿಕೊಂಡಳು. "ಹಂಗಾದ್ರೆ ಮರಿ ಮಾಡ್ಬಿಟ್ಟಿದೆ ಕಣೋ. ನಾನು ಒಂದೇ ಐತೆ, ವಯಸ್ಸಾಗೈತೆ, ಸುಮ್ನೆ ಬಿದ್ಕೊಂಡೈತೆ ಅಂತ ಇದ್ದೆ. ಈಗ ನೋಡು, ಈ ಕಡೆಗೂ ಬಂದ್ಬಿಟ್ಟವೆ. ಅದಕ್ಕೇ ಇದೂ ಕೇಳ್ತಿಲ್ಲ."

ನನ್ನ ಕೈಯಲ್ಲಿದ್ದ ಪೈಪಿನ ನೀರು ಒಂದೇ ಗಿಡದ ಬುಡಕ್ಕೆ ಸುರಿಯುತ್ತಿತ್ತು. ಅವಳ ಹೆದರಿಕೆ ಕಂಡು ಅಯ್ಯೋ ಎನ್ನಿಸಿತು. ಇಪ್ಪತ್ತು ಸಲ ನಿಜ ಹೇಳಿ ಆಗದ ಕೆಲಸ ಈಗ ತಾನಾಗಿ ಆಗುತ್ತಿದೆ ಎಂಬುದೂ ತಿಳಿಯಿತು. ನಾನು ತಿದ್ದಲಿಲ್ಲ. "ಹಂಗೇ ಇರ್ಬೋದು ಕಣಕ್ಕ, ಜಾಸ್ತಿ ಆಗೋದ್ರೊಳಗೆ ತೋರಿಸ್ಬಿಡೋಣ" ಎಂದೆ. ಪ್ರಾಣಿಶಾಸ್ತ್ರದ ಮೇಷ್ಟರು ಕೇಳಿದ್ದರೆ ನನ್ನ ಮುಖಕ್ಕೆ ಉಗಿಯುತ್ತಿದ್ದರು.

ಅಕ್ಕನದು ಒಂದು ಷರತ್ತು. ಒಳಗಿಂದ ಎಷ್ಟೇ ಬರಲಿ, ಯಾರೂ ಸಾಯಿಸಕೂಡದು, ತಂದು ನಮ್ಮ ರಾಶಿಗೇ ಬಿಡಬೇಕು. ಅದಕ್ಕಾಗಿ ಒಂದು ಸ್ಟೀಲ್ ಡಬ್ಬಿಗೆ ತೇವದ ಮಣ್ಣು ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಮಡಿಲಲ್ಲಿ ಇಟ್ಟುಕೊಂಡು ಸ್ಕೂಟರಿನ ಹಿಂದೆ ಕೂತಳು. ಆಸ್ಪತ್ರೆಯಲ್ಲಿ ಎಲ್ಲರೂ ಊಟದ ಡಬ್ಬಿ ಎಂದುಕೊಂಡರು. ನಾನು ಯಾರಿಗೂ ಹೇಳಲು ಹೋಗಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಕ್ಕ ಟವಲು ಬಿಚ್ಚುವ ಮೊದಲು ಡಬ್ಬಿಯ ವಿಷಯ, ಒಳಗಿರುವವರ ವಿಷಯ ಎಲ್ಲವನ್ನೂ ಕೂಗಿ ಹೇಳಿದಳು. ಹೊರಗೆ ಬೆಂಚಿನ ಮೇಲೆ ಕೂತವರಿಗೂ ಕೇಳಿಸಿರಬೇಕು. ಆ ಹೆಣ್ಣುಮಗಳು ನಗಲಿಲ್ಲ. ಅದಕ್ಕೆ ನಾನು ಅವರಿಗೆ ಈಗಲೂ ಕೈಮುಗಿಯುತ್ತೇನೆ. ಎರಡೂ ಕಿವಿಗೆ ದೀಪ ಹಿಡಿದು ನೋಡಿ, ಬಲಗಡೆಯದು ವಯಸ್ಸಿನ ಮಂದ, ಮಿಷನ್ ಹಾಕಿದರೆ ಸರಿಯಾಗುತ್ತದೆ ಎಂದರು. ಎಡಗಡೆ ಏನೋ ಗಟ್ಟಿಯಾಗಿ ಕಟ್ಟಿಕೊಂಡಿದೆ, ಏನೂ ಕಾಣುತ್ತಿಲ್ಲ, ಐದು ದಿನ ಎಣ್ಣೆಯಂಥ ಔಷಧಿ ಬಿಟ್ಟುಕೊಂಡು ಬನ್ನಿ ಎಂದರು. ಆ ಐದು ದಿನ ಹೊತ್ತಿಗೆ ಸರಿಯಾಗಿ ಔಷಧಿ ಬಿಟ್ಟವನು ನಾನು. ಪ್ರತಿ ಸಲವೂ ಅಕ್ಕ ಕಣ್ಣು ಬಿಗಿಯಾಗಿ ಮುಚ್ಚಿ ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದಳು.

ಆರನೆಯ ದಿನ ಮತ್ತೆ ಹೋದೆವು, ಡಬ್ಬಿಯ ಸಮೇತ. ಅಕ್ಕನನ್ನು ಬಲಮಗ್ಗುಲಿಗೆ ಮಲಗಿಸಿ, ಸಣ್ಣ ಕೊಕ್ಕೆಯಿಂದ ಡಾಕ್ಟರು ಚೂರುಚೂರಾಗಿ ತೆಗೆಯತೊಡಗಿದರು. ಹಳೆಯ ಹತ್ತಿ, ಹರಳೆಣ್ಣೆಯ ಜಿಡ್ಡು, ಗುಗ್ಗೆ. ಅದರ ಹಿಂದೆ ಕೆಂಪು ಬಣ್ಣದ ಗಟ್ಟಿ ಹೆಂಟೆಗಳು, ಕಡಲೆ ಬೇಳೆಯಷ್ಟೆಷ್ಟು. ಒಂದೊಂದೂ ಟ್ರೇಗೆ ಬಿದ್ದಾಗ ಟಣ್ ಎನ್ನುತ್ತಿತ್ತು. ಕೊನೆಯದು ಬಿದ್ದಾಗ ಅಕ್ಕ ಬೆಚ್ಚಿ, "ಅಯ್ಯೋ, ಮೆಲ್ಲಗಾಕವ್ವಾ!" ಎಂದಳು. ನಾನೂ ಡಾಕ್ಟರೂ ಮುಖ ಮುಖ ನೋಡಿಕೊಂಡೆವು. ಆ ಸದ್ದು ಅವಳಿಗೆ ಕೇಳಿಸಿತ್ತು.

ಅಕ್ಕ ಎದ್ದು ಕೂತು ಮೊದಲು ಮಾಡಿದ ಕೆಲಸವೆಂದರೆ ಟ್ರೇಯೊಳಗೆ ಬೆರಳಿಟ್ಟು ಹುಡುಕಿದ್ದು. ಹಾವಿರಲಿಲ್ಲ. ಹಾವಿನ ಮೂಳೆಯೂ ಇರಲಿಲ್ಲ. ಡಾಕ್ಟರು ಅವಳ ಎದುರು ಕೂತು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದರು: ಇಲ್ಲಿ ಯಾವತ್ತೂ ಯಾವ ಹಾವೂ ಇರಲಿಲ್ಲ. ಚಿಕ್ಕಂದಿನಲ್ಲಿ ನೆಗಡಿಯಾಗಿ ಕಿವಿಯೊಳಗೆ ಕೀವಾಗಿದೆ, ಮಕ್ಕಳಿಗೆ ಆಗುವಂಥದ್ದೇ, ಅದು ಆಗಲೇ ವಾಸಿಯಾಗಿ ಕಲೆ ಮಾತ್ರ ಉಳಿದಿದೆ. ಅಕ್ಕ ಕುರ್ಚಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಳು.

ಡಾಕ್ಟರು ಕೈ ತೊಳೆಯುತ್ತಾ ನನ್ನನ್ನು ಬಾಗಿಲ ಬಳಿಗೆ ಕರೆದರು. "ಇಷ್ಟೊಂದು ಮಣ್ಣು ಹೆಂಗೆ ಬಂತು?" ಎಂದು ಮೆಲ್ಲಗೆ ಕೇಳಿದರು.

ನನಗೆ ಗೊತ್ತಿತ್ತು. ನಮ್ಮ ಕಡೆ ನಾಗರ ಚೌತಿಯ ದಿನ ಹುತ್ತಕ್ಕೆ ಹಾಲೆರೆದು, ನೆನೆದ ಹುತ್ತದ ಮಣ್ಣನ್ನು ತಂದು ಮಕ್ಕಳ ಕಿವಿಗೆ, ಹೊಟ್ಟೆಗೆ ಸವರುತ್ತಾರೆ. ನಮಗೆಲ್ಲ ಕಿವಿಯ ಹಿಂದೆ ಒಂದು ಬೊಟ್ಟು. ಅಕ್ಕನಿಗೆ ಮಾತ್ರ ಅವ್ವ ಆ ಮಣ್ಣನ್ನು ಹಾಲಲ್ಲಿ ಕಲಸಿ ಎಡಗಿವಿಯ ಒಳಕ್ಕೇ ಇಡುತ್ತಿದ್ದಳು. ಹುತ್ತದ ಒಡೆಯ ನಾಗಪ್ಪ, ತನ್ನ ಮಣ್ಣಿನ ವಾಸನೆ ತೋರಿಸಿ ತನ್ನ ಮರಿಯನ್ನು ತಾನೇ ಹೊರಗೆ ಕರೆದುಕೊಳ್ಳಲಿ ಎಂದು ಬೇಡಿಕೊಳ್ಳುತ್ತಿದ್ದಳು. ಮೇಲೆ ಹರಳೆಣ್ಣೆ, ಅದರ ಮೇಲೆ ಹತ್ತಿ. ವರ್ಷಕ್ಕೊಂದು ಸಲ, ಅವ್ವ ಇರುವವರೆಗೂ.

ಇದನ್ನು ಹೇಳಿದೆ. ಡಾಕ್ಟರು ಕೈ ಒರೆಸಿಕೊಂಡು, "ಮಗೂಗೆ ಬಂದ ಕೀವು ವಾಸಿಯಾಗಿತ್ತು ಸರ್. ಕಿವಿ ಕೆಡಿಸಿದ್ದು ಅದಲ್ಲ, ಈ ಮಣ್ಣೇ. ಹಾಕದೆ ಇದ್ದಿದ್ರೆ ಸುಮಾರಾಗಿ ಕೇಳಿಸ್ತಿತ್ತು" ಎಂದರು. ನಾನು ಕೈಮುಗಿದು, ಇದನ್ನು ಅಕ್ಕನಿಗೆ ಹೇಳಬೇಡಿ ಎಂದು ಕೇಳಿಕೊಂಡೆ. ಅವರೂ ತಲೆಯಾಡಿಸಿದರು. ನಾವು ನಿಂತಿದ್ದದ್ದು ಅಕ್ಕನ ಎಡಗಡೆಗೆ. ಆ ಕಡೆ ನಿಂತು ಏನು ಮಾತಾಡಿದರೂ ಚಿಂತೆಯಿಲ್ಲ ಎಂಬುದು ನಮ್ಮ ಮನೆಯಲ್ಲಿ ನನಗೆ ಮಾತು ಬಂದಾಗಿನಿಂದ ಇರುವ ಅಭ್ಯಾಸ.

ವಾಪಸು ಬರುವಾಗ ಅಕ್ಕ ಸ್ಕೂಟರಿನ ಹಿಂದೆ ಒಂದೇ ಸಮನೆ ಮಾತಾಡುತ್ತಾಳೆ ಎಂದುಕೊಂಡಿದ್ದೆ. ತುಟಿ ಬಿಚ್ಚಲಿಲ್ಲ. ಲಾರಿ ಹಾರ್ನ್ ಹೊಡೆದಾಗೆಲ್ಲ ನನ್ನ ಭುಜ ಹಿಡಿಯುತ್ತಿದ್ದಳು. ನರ್ಸರಿಯ ಗೇಟು ಬಂದಾಗ "ಹೊಲದ್ ತಾವ್ ಹೋಗು" ಎಂದಳು.

ನಮ್ಮ ಹೊಲದ ಮೂಲೆಯಲ್ಲಿ ಅವ್ವನನ್ನು ಮಣ್ಣು ಮಾಡಿದ್ದೇವೆ. ಮೇಲೆ ಒಂದು ಸಣ್ಣ ಕಟ್ಟೆ, ಅಷ್ಟೇ. ಪಕ್ಕದ ಹೊಲದಲ್ಲಿ ನಾಲ್ಕು ಜನ ಹೂಕೋಸು ಕೊಯ್ಯುತ್ತಿದ್ದರು. ಅಕ್ಕ ಚಪ್ಪಲಿ ಬಿಟ್ಟು ಹೋಗಿ ಕಟ್ಟೆಯ ಮುಂದೆ ನಿಂತಳು. ಜೀವಮಾನವಿಡೀ ಮಾತಾಡಿದ ದೊಡ್ಡ ಗಂಟಲಿನಲ್ಲಿ, ಕೋಸು ಕೊಯ್ಯುವವರೆಲ್ಲ ತಿರುಗಿ ನೋಡುವಂತೆ ಕೂಗಿದಳು.

"ಅವ್ವಾ! ಹಾವಿರ್ಲಿಲ್ಲ ಕಣವ್ವಾ! ಡಾಕ್ಟ್ರು ನೋಡಿದ್ರು. ನೀನು ಹೊಲದಲ್ ಮಲಗ್ಸಿದ್ದಕ್ಕೆ ಏನೂ ಆಗಿಲ್ಲ. ನೆಗಡಿ ಆಗಿತ್ತಂತೆ ಅಷ್ಟೇ. ನಿಂದೇನೂ ತಪ್ಪಿಲ್ಲ. ಇನ್ ಅಳ್ಬೇಡ!"

ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಅವ್ವ ಬದುಕಿರುವಾಗಲೇ ಈ ಮಾತು ಹೇಳುವಂತಾಗಿದ್ದರೆ ಎಂದು ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಹಾವಿನ ಬಗ್ಗೆ ಇಷ್ಟೆಲ್ಲ ತಿಳಿದೂ ವರ್ಷಗಟ್ಟಲೆ ಸುಮ್ಮನಿದ್ದವನು ನಾನು. ಕಣ್ಣೊರೆಸಿಕೊಂಡು, ನಾನೂ ಅವ್ವನಿಗೆ ಏನಾದರೂ ಹೇಳಬೇಕು ಅನ್ನಿಸಿ ಒಂದು ಹೆಜ್ಜೆ ಮುಂದಿಟ್ಟೆ. ಅಕ್ಕ ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡಳು. ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಬಾಗ್ಲತ್ರ ಡಾಕ್ಟ್ರಮ್ಮ ನಿಂಗೆ ಹೇಳಿದ್ದು ಕೇಳಿಸ್ತು ಕಣೋ. ಎಡಗಿವೀಲೇ ಕೇಳಿಸ್ತು. ಮಣ್ಣಿನ್ ವಿಷ್ಯ ಮಾತ್ರ ಅವ್ವಂಗೆ ಹೇಳ್ಬೇಡ."